ಅಕ್ಕಿ ಬೇಳೆಗಿಂತ ಮೊದಲು ವಿಮೆಯ ಲೆಕ್ಕ

ಮೇಷ್ಟ್ರೇ, ನಮಸ್ಕಾರ. ಇಮಿಗ್ರಂಟ್ ವೀಸಾ ಆಗಿದೆ, ಟೆಕ್ಸಾಸಿನಲ್ಲಿರುವ ಮಗನ ಮನೆಗೆ ಗಂಡ ಹೆಂಡಿರಿಬ್ಬರೂ ಹೊರಟಿದ್ದೇವೆ, ಇಬ್ಬರಿಗೂ 65 ದಾಟಿದೆ ಎಂದು ಬರೆದಿದ್ದೀರಿ. 45,000 ರೂಪಾಯಿ ಪಿಂಚಣಿಯಲ್ಲಿ ಮಗನಿಗೆ ಭಾರವಾಗದೆ ಇರಬಹುದೇ, ದಿನಸಿಗೆ ಎಷ್ಟಾಗುತ್ತದೆ ಎಂದು ಕೇಳಿದ್ದೀರಿ. ಹೊಸದಾಗಿ ಬಂದಾಗ ನಾನು ಕೇಳಿದ್ದೂ ಇದನ್ನೇ. ಕೇಳಬೇಕಾಗಿದ್ದದ್ದು ಬೇರೆ.

ಡಾಲರಿಗೆ 90 ರೂಪಾಯಿ ಹಿಡಿದರೆ ನಿಮ್ಮ ಪಿಂಚಣಿ 500 ಡಾಲರ್. ಮಗನ ಮನೆಯಲ್ಲೇ ಇದ್ದು ಅಡುಗೆ ಮಾಡಿಕೊಂಡರೆ ಇಬ್ಬರ ಊಟಕ್ಕೆ ಅದು ಸಾಕು. ಸೋನಾ ಮಸೂರಿ 20 ಪೌಂಡಿನ ಚೀಲದಲ್ಲಿ ಬರುತ್ತದೆ, ಅಂದರೆ 9 ಕೆಜಿ. ದಿನಸಿಯ ಮಾತು ಇಷ್ಟೇ.

ದುಡ್ಡು ಹೋಗುವುದು ಆರೋಗ್ಯ ವಿಮೆಗೆ. ಸರ್ಕಾರದ ಮೆಡಿಕೇರ್ 65 ತುಂಬಿದವರಿಗೆಲ್ಲ ಸಿಗುತ್ತದೆ ಎಂದು ಊರಿನಲ್ಲಿ ಹೇಳುತ್ತಾರೆ. ಆದರೆ ನಿಮ್ಮಂತೆ ಇಮಿಗ್ರಂಟ್ ವೀಸಾದಲ್ಲಿ ಬಂದು ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ, ಪಡೆದವರು ಅದನ್ನು ಕೊಳ್ಳಬೇಕಾದರೂ ಮೊದಲು 5 ವರ್ಷ ಇಲ್ಲಿ ಸತತವಾಗಿ ವಾಸವಿರಬೇಕು. ಆಮೇಲೂ ಪುಕ್ಕಟೆಯಲ್ಲ. ಆಸ್ಪತ್ರೆಯಲ್ಲಿ ಒಳರೋಗಿಯಾದರೆ ಬೇಕಾಗುವ ಪಾರ್ಟ್ ಎ, ಇಲ್ಲಿ 10 ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ, ಅವರ ಸಂಗಾತಿಗೆ ಮಾತ್ರ ಉಚಿತ. ಮಗ ಕಟ್ಟಿದ್ದು ಅಪ್ಪ ಅಮ್ಮನ ಲೆಕ್ಕಕ್ಕೆ ಬರುವುದಿಲ್ಲ. 2025ರ ದರದಲ್ಲಿ ಪಾರ್ಟ್ ಎ ತಿಂಗಳಿಗೆ 518 ಡಾಲರ್, ಡಾಕ್ಟರ ಖರ್ಚಿನ ಪಾರ್ಟ್ ಬಿ 185. ಒಬ್ಬರಿಗೆ 703, ನಿಮ್ಮಿಬ್ಬರಿಗೆ 1,406. ಪಿಂಚಣಿಯ ಪಕ್ಕದಲ್ಲಿಟ್ಟು ನೋಡಿ. ಪಾರ್ಟ್ ಬಿ ಒಂದನ್ನೇ ಕೊಳ್ಳಬಹುದು, ಆಗ ಆಸ್ಪತ್ರೆವಾಸದ ಬಿಲ್ಲು ನಿಮ್ಮ ತಲೆಗೆ.

ಮೊದಲ 5 ವರ್ಷಕ್ಕೆ ಮಾರ್ಕೆಟ್‌ಪ್ಲೇಸ್ ವಿಮೆ, ಅಂದರೆ ಸರ್ಕಾರದ ಜಾಲತಾಣದಲ್ಲಿ ಖಾಸಗಿ ಕಂಪನಿಗಳು ಮಾರುವ ವಿಮೆ, ಕೊಳ್ಳಿ. ಬಂದಿಳಿದ 60 ದಿನಗಳೊಳಗೆ ಅರ್ಜಿ ಹಾಕಿ, ತಪ್ಪಿದರೆ ವರ್ಷದ ಕೊನೆಯ ನೋಂದಣಿಯವರೆಗೆ ಕಾಯಬೇಕು. ಇದರಲ್ಲಿ ಸಕ್ಕರೆ, ಬಿಪಿ ಮೊದಲಿನಿಂದ ಇದೆ ಎಂದು ನಿರಾಕರಿಸುವಂತಿಲ್ಲ. ವಿಸಿಟರ್ ವಿಮೆ ಅಗ್ಗ ಎಂದು ಅದಕ್ಕೆ ಕೈ ಹಾಕಬೇಡಿ, ಹಳೆಯ ಕಾಯಿಲೆಗೆ ಅದು ಒದಗುವುದಿಲ್ಲ. ಮಗ ತನ್ನ ತೆರಿಗೆಯಲ್ಲಿ ನಿಮ್ಮನ್ನು ಅವಲಂಬಿತರೆಂದು ತೋರಿಸಿದರೆ ಈ ವಿಮೆಯ ಕಂತಿಗೆ ಸರ್ಕಾರ ಕೊಡಬಹುದಾದ ಸಹಾಯಧನದ ಲೆಕ್ಕಕ್ಕೆ ಅವನ ಸಂಬಳವೂ ಸೇರುತ್ತದೆ. ಅವನೊಂದಿಗೆ ಈ ಮಾತು ಈಗಲೇ ಆಗಲಿ.

ನಾವು ಎಡವಿದ್ದು ಮೆಡಿಕೇರಿಗೆ ಹೆಸರು ಕೊಡುವುದರಲ್ಲಿ. 5 ವರ್ಷ ತುಂಬುವ ತಿಂಗಳು, ಅದರ ಹಿಂದಿನ 3, ಮುಂದಿನ 3, ಒಟ್ಟು 7 ತಿಂಗಳಲ್ಲಿ ಪಾರ್ಟ್ ಬಿಗೆ ಹೆಸರು ಕೊಡಬೇಕು. ಮಾರ್ಕೆಟ್‌ಪ್ಲೇಸ್ ವಿಮೆ ಇದೆಯಲ್ಲ ಎಂದು ನಾವು ಎರಡು ವರ್ಷ ಸುಮ್ಮನಿದ್ದೆವು. ತಡಮಾಡಿದರೂ ದಂಡವಿಲ್ಲ ಎಂಬ ವಿನಾಯಿತಿ ಸಿಗುವುದು ತಾವೋ ಸಂಗಾತಿಯೋ ಕೆಲಸದಲ್ಲಿದ್ದು ಅಲ್ಲಿಂದ ಬಂದ ವಿಮೆ ಇದ್ದರೆ ಮಾತ್ರ. ತಡವಾದ ಪ್ರತಿ 12 ತಿಂಗಳಿಗೆ ಕಂತು ಶೇ 10 ಹೆಚ್ಚು, ಪಾರ್ಟ್ ಬಿ ಇರುವ ತನಕ. ಆ ಶೇ 20 ಈಗಲೂ ಕಟ್ಟುತ್ತಿದ್ದೇವೆ. ಪ್ರತಿ ತಿಂಗಳೂ ಹೊಟ್ಟೆ ಉರಿಯುತ್ತದೆ.

ಮಳೆಗಾಲ ಊರಲ್ಲಿ, ಉಳಿದದ್ದು ಇಲ್ಲಿ ಎನ್ನುವ ಆಸೆ ನಿಮಗೂ ಇರುತ್ತದೆ. ಹೋಗಿ, ಆದರೆ ಒಂದೇ ಸಲಕ್ಕೆ 6 ತಿಂಗಳು ಮೀರಿ ನಿಲ್ಲಬೇಡಿ. ಮೀರಿದರೆ 5 ವರ್ಷದ ವಾಸವೇ ಪ್ರಶ್ನೆಗೆ ಬರುತ್ತದೆ, ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ. ಮೆಡಿಕೇರ್ ಬಂದ ಮೇಲೂ ಊರಿನ ಆಸ್ಪತ್ರೆಯ ಖರ್ಚಿಗೆ ಅದು ಬಾರದು, ಕಂತು ಮಾತ್ರ ನಿಲ್ಲದು.

ಹೊರಡುವ ಮುಂಚೆ ಹಲ್ಲು, ಕನ್ನಡಕ, ಕಿವಿಯ ಯಂತ್ರ, ಕಣ್ಣಿನ ಪೊರೆ ಇದ್ದರೆ ಅದೂ, ಎಲ್ಲ ಅಲ್ಲೇ ಮುಗಿಸಿ. ಹಲ್ಲುಸೆಟ್ಟು, ಕನ್ನಡಕ, ಕಿವಿಯ ಯಂತ್ರ ಮಾಮೂಲಿ ಮೆಡಿಕೇರಿನಲ್ಲಿಲ್ಲ. ಔಷಧಿ 90 ದಿನಕ್ಕಾಗುವಷ್ಟು, ಚೀಟಿಯ ಜೊತೆ ತನ್ನಿ. ಆಮೇಲೆ ಇಲ್ಲಿನ ಡಾಕ್ಟರ ಚೀಟಿ ಬೇಕು, ಮೆಟ್‌ಫಾರ್ಮಿನ್‌ನಂಥ ಜೆನೆರಿಕ್ ಮಾತ್ರೆ ದುಬಾರಿಯಲ್ಲ.

ಬ್ಯಾಂಕಿನ ಉಳಿತಾಯ ಖಾತೆಯನ್ನು ಹೊರದೇಶದಲ್ಲಿರುವವರ ಖಾತೆಯಾದ ಎನ್‌ಆರ್‌ಒ ಮಾಡಿಸಿ. ಊರಿನ ಸಿಮ್ಮಿಗೆ ರೋಮಿಂಗ್ ಹಾಕಿಸಿ ಜೀವಂತ ಇಟ್ಟುಕೊಳ್ಳಿ, ಒಟಿಪಿ ಬರುವುದು ಅದಕ್ಕೇ. ನವೆಂಬರಿನ ಜೀವನ ಪ್ರಮಾಣ ಪತ್ರವನ್ನು ಫೋನಿನಲ್ಲೇ ಮುಖ ತೋರಿಸಿ ಕೊಡಬಹುದು, ಹೇಗೆಂದು ಅಲ್ಲೇ ಕಲಿತು ಬನ್ನಿ. ಠೇವಣಿಯೂ ಸೇರಿ ಅಲ್ಲಿನ ಖಾತೆಗಳ ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಎಂಬ ವರದಿಯನ್ನು ಇಲ್ಲಿನ ಸರ್ಕಾರಕ್ಕೆ ಸಲ್ಲಿಸಬೇಕು. ತೆರಿಗೆ ಬರಲಿ, ಬಾರದಿರಲಿ.

ಕರಿಬೇವು ತರಬೇಡಿ, ಕಸ್ಟಮ್ಸಿನವರು ಕಿತ್ತುಕೊಳ್ಳುತ್ತಾರೆ. ಮನೆಯ ಹುಳಿಪುಡಿಯನ್ನು ಮಾತ್ರ ಮರೆಯಬೇಡಿ, ಆ ಘಮ ಇಲ್ಲಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.