ಹೊಸ ಆಲ್ಪೀನ್ ಎ110ರಲ್ಲಿ ಹಳೆಯದರ ಗುಣ ನಿಜಕ್ಕೂ ಉಳಿದಿದೆಯೇ?

ಫ್ರಾನ್ಸಿನ ಸ್ಪೋರ್ಟ್ಸ್ ಕಾರಾದ ಹೊಸ ಆಲ್ಪೀನ್ ಎ110, ಅದೇ ಹೆಸರಿನ ಹಳೆಯ ಕಾರಿನ ಮರುಹುಟ್ಟೋ ಅಥವಾ ಬರೀ ಹಳೆಯ ಹೆಸರಿನ ವ್ಯಾಪಾರವೋ, ಎರಡರಲ್ಲಿ ಒಂದನ್ನೇ ಆರಿಸುವುದಾದರೆ ಯಾವುದು ಎಂದು ಕೇಳಿದ್ದೀರಿ. ನಾನು ಶಿವಮೊಗ್ಗದ ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ಎಂಜಿನಿಯರ್. ಕೆಲಸದ ನಿಮಿತ್ತ ಒಂದೂವರೆ ವರ್ಷ ಫ್ರಾನ್ಸಿನಲ್ಲಿದ್ದಾಗ ಸಹೋದ್ಯೋಗಿಯೊಬ್ಬರ ಬಳಿ 1971ರ ಎ110 ಇತ್ತು. ಅವರ ಪಕ್ಕದಲ್ಲಿ ಕುಳಿತು ಹಲವು ಭಾನುವಾರ ಸುತ್ತಿದ್ದೇನೆ, ಎರಡು ಬಾರಿ ನಾನೇ ಓಡಿಸಿದ್ದೇನೆ. ಹೊಸದನ್ನು ಎರಡು ದಿನಕ್ಕೆ ಬಾಡಿಗೆಗೆ ಪಡೆದಿದ್ದೆ. ನನ್ನ ಅನುಭವ ಇಷ್ಟೇ.

ಎರಡೂ ಹಗುರವಾದ ಕಾರುಗಳು ಎನ್ನುವುದು ನಿಜ, ಆದರೆ ಹಗುರವಾದ ಬಗೆ ಬೇರೆ. ದಿಯೆಪ್ ಊರಿನ ರೆನೋ ಡೀಲರ್ ಝಾನ್ ರೆಡೆಲೆ 1955ರಲ್ಲಿ ಆಲ್ಪೀನ್ ಕಂಪನಿ ಕಟ್ಟಿದಾಗ ಅವರ ಕೈಗೆ ಸಿಗುತ್ತಿದ್ದುದು ರೆನೋದ ಸಾಧಾರಣ ಕಾರುಗಳ ಚಿಕ್ಕ ಎಂಜಿನ್‌ಗಳು. 1962ರ ಎ110 ಕೂಡ ಒಂದು ಲೀಟರಿನ ಆಸುಪಾಸಿನ ಎಂಜಿನ್‌ನಿಂದಲೇ ಆರಂಭವಾಯಿತು. ಶಕ್ತಿ ಕಡಿಮೆಯಿದ್ದುದರಿಂದ ತೂಕ ಇಳಿಸದೆ ಗತಿಯಿರಲಿಲ್ಲ. ಬೆನ್ನೆಲುಬಿನಂತೆ ನಡುವೆ ಒಂದು ಉಕ್ಕಿನ ಚಾಸಿಸ್, ಮೇಲೆ ಫೈಬರ್‌ಗ್ಲಾಸ್ ಹೊದಿಕೆ, ಒಟ್ಟು 600ರಿಂದ 700 ಕೆ.ಜಿ. ನಮ್ಮ ಮಾರುತಿ 800 ಕೂಡ ಹೆಚ್ಚುಕಡಿಮೆ ಇಷ್ಟೇ ತೂಗುತ್ತಿತ್ತು. 2017ರಲ್ಲಿ ಬಂದ ಹೊಸ ಕಾರಿಗೆ ಏರ್‌ಬ್ಯಾಗ್, ಎ.ಸಿ., ಅಪಘಾತ ಪರೀಕ್ಷೆ ಎಲ್ಲವೂ ಬೇಕು. ಆದರೂ ಅದು ಸುಮಾರು 1,100 ಕೆ.ಜಿ.ಯಲ್ಲಿ ನಿಂತಿದೆ. ಚಾಸಿಸ್ ಮತ್ತು ಹೊರಮೈ ಬಹುಪಾಲು ಅಲ್ಯೂಮಿನಿಯಂ, ಒಂದೊಂದು ಸೀಟಿನ ತೂಕ 13.1 ಕೆ.ಜಿ., ಪಾರ್ಕಿಂಗ್ ಬ್ರೇಕಿಗೆಂದು ಹಿಂಚಕ್ರದಲ್ಲಿ ಬೇರೆ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಇಲ್ಲ. ಎರಕದಲ್ಲಿ ನೂರು ಗ್ರಾಂ ಉಳಿಸಲು ಎಷ್ಟು ಹೆಣಗಬೇಕು ಎಂದು ಬಲ್ಲ ನನಗೆ, ಹಳೆಯದರ 650 ಕೆ.ಜಿ.ಗಿಂತ ಈ 1,100 ಕೆ.ಜಿ.ಯೇ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ನನಗೆ ಸಿಕ್ಕ ನಿಜವಾದ ಸಾಮ್ಯ ಆಕಾರದಲ್ಲಿಲ್ಲ, ಸ್ಪ್ರಿಂಗಿನಲ್ಲಿದೆ. ಸ್ಪೋರ್ಟ್ಸ್ ಕಾರೆಂದರೆ ಎತ್ತಿನಗಾಡಿಯಂತೆ ಕುಲುಕುತ್ತದೆ ಎಂದು ನಾನೂ ನಂಬಿದ್ದೆ. ಭಾರವಾದ ಕಾರು ತಿರುವಿನಲ್ಲಿ ವಾಲದಂತೆ ತಡೆಯಲು ಗಟ್ಟಿ ಸ್ಪ್ರಿಂಗು ಬೇಕಾಗುತ್ತದೆ. ಹಗುರವಾದುದಕ್ಕೆ ಆ ಅಗತ್ಯ ಅಷ್ಟಿಲ್ಲ. ಹಾಗಾಗಿ ಎರಡೂ ಕಾರುಗಳು ತುಸು ವಾಲುತ್ತ, ಹಳ್ಳ ದಿಣ್ಣೆಗಳನ್ನು ನುಂಗಿಕೊಳ್ಳುತ್ತ ಚಕ್ರವನ್ನು ನೆಲಕ್ಕೆ ಅಂಟಿಸಿಕೊಂಡೇ ಸಾಗುತ್ತವೆ. ಹಳೆಯದು 1971 ಮತ್ತು 1973ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದುದು, 1973ರಲ್ಲಿ ಮೊಟ್ಟಮೊದಲ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಪಡೆದುದು ನುಣುಪಾದ ಟ್ರ್ಯಾಕಿನಲ್ಲಲ್ಲ, ಬೆಟ್ಟದ ಹಿಮ ಮತ್ತು ಜಲ್ಲಿಯ ದಾರಿಗಳಲ್ಲಿ.

ದೊಡ್ಡ ವ್ಯತ್ಯಾಸವಿರುವುದು ಎಂಜಿನ್ ಕುಳಿತ ಜಾಗದಲ್ಲಿ. ಹಳೆಯದರಲ್ಲಿ ಅದು ಹಿಂದಿನ ಆಕ್ಸಲ್‌ಗಿಂತಲೂ ಹಿಂದಿದೆ. ಕ್ಯಾರಿಯರ್ ಮೇಲೆ ಅಡಿಕೆ ಮೂಟೆ ಕಟ್ಟಿದ ಟಿವಿಎಸ್ ಓಡಿಸಿದ್ದರೆ ನಿಮಗೆ ಅರ್ಥವಾದೀತು: ಹಿಂಚಕ್ರ ಕೆಸರಿನಲ್ಲೂ ಹಿಡಿತ ಬಿಡದು, ಹ್ಯಾಂಡಲ್ ಮಾತ್ರ ಹಗುರವಾಗಿ ತೇಲುತ್ತದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಿರೋ, ಹಿಂಭಾಗ ಬೀಸಿಕೊಂಡು ಬರುತ್ತದೆ. ನನಗೆ ಒಮ್ಮೆ ಹಾಗಾಯಿತು. ಕಾರಿನ ಒಡೆಯರು ನಕ್ಕರು, ನಾನು ನಗಲಿಲ್ಲ. ಹೊಸದರಲ್ಲಿ 1.8 ಲೀಟರಿನ, 252 ಅಶ್ವಶಕ್ತಿಯ ಟರ್ಬೊ ಎಂಜಿನ್ ಹಿಂದಿನ ಆಕ್ಸಲ್‌ಗಿಂತ ಮುಂದಿದೆ, ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ (ಮೇಲೊಂದು ಕೆಳಗೊಂದು ತೋಳು ಚಕ್ರವನ್ನು ಹಿಡಿದಿಡುವ ವ್ಯವಸ್ಥೆ) ಇದೆ. ಅದೇ ತಪ್ಪನ್ನು ಅದು ಕ್ಷಮಿಸುತ್ತದೆ. ಆದರೆ ಗೇರ್ ಬದಲಿಸುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿರುವುದು ನನಗೆ ಹಿಡಿಸಲಿಲ್ಲ.

ಆದ್ದರಿಂದ ಹೆಸರಿನ ವ್ಯಾಪಾರ ಎಂಬ ಆರೋಪವನ್ನು ನಾನು ಒಪ್ಪುವುದಿಲ್ಲ. ಆಯ್ಕೆಯ ಮಾತಿಗೆ ಬಂದರೆ, ಆಗುಂಬೆ ಘಾಟಿಯ 14 ತಿರುವುಗಳನ್ನು ಮಳೆಯಲ್ಲಿ ಇಳಿಯಲು ಹೊಸದೇ ಸರಿ. ಅಲ್ಲಿ ಹಳೆಯದನ್ನು ನಾನು ಮುಟ್ಟಲಾರೆ. ಆದರೆ ಹೊಸದರ ಅಗಲ 1.8 ಮೀಟರ್, ಹಳೆಯದರದ್ದು ಒಂದೂವರೆ ಮೀಟರಿನ ಆಸುಪಾಸು. ತೀರ್ಥಹಳ್ಳಿ ಕಡೆ ನಮ್ಮ ಮನೆಗೆ ಹೋಗುವ ಒಂಟಿ ಡಾಂಬರು ದಾರಿಯಲ್ಲಿ ಎದುರಿಗೆ ಬಸ್ಸು ಬಂದರೆ, ಚರಂಡಿಗೆ ಇಳಿಯದೆ ಪಕ್ಕಕ್ಕೆ ಸರಿಯಬಲ್ಲದ್ದು ಹಳೆಯದೇ.