ಮಗಳನ್ನು ಕರಾಟೆ ಅಥವಾ ಜೂಡೋಗೆ ಸೇರಿಸಿದರೆ ಧೈರ್ಯ ಬರುತ್ತಾ, ಗೆಳತಿಯರು ಸಿಗುತ್ತಾರಾ?

ನಿಮ್ಮ ಮಗಳಿಗೆ ಹತ್ತು ವರ್ಷ, ಶಾಲೆಯಲ್ಲಿ ಒಬ್ಬಳೇ ಕೂತಿರುತ್ತಾಳೆ, ಯಾರಾದರೂ ಮಾತಾಡಿಸಿದರೆ ತಲೆ ತಗ್ಗಿಸುತ್ತಾಳೆ, ಕರಾಟೆಗೋ ಜೂಡೋಗೋ ಹಾಕಿದರೆ ಸರಿಹೋಗುತ್ತಾಳಾ ಅಂತ ಕೇಳಿದ್ದೀರಿ. ನಾನೂ ಅಂಥದ್ದೇ ಹುಡುಗಿಯಾಗಿದ್ದೆ. ಬೆಳಗಾವಿಯಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಜೂಡೋಗೆ ಸೇರಿಸಿದರು. ಈಗ ಭಾನುವಾರ ಸಣ್ಣ ಹುಡುಗಿಯರಿಗೆ ಹೇಳಿಕೊಡಲು ಹೋಗುತ್ತೇನೆ. ಹಾಗಾಗಿ ನನ್ನ ಉತ್ತರ ಜೂಡೋ ಕಡೆ ಸ್ವಲ್ಪ ವಾಲುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಖಂಡಿತ ಸೇರಿಸಿ. ಆದರೆ ಹೊಡೆಯೋದು ಕಲಿತರೆ ಧೈರ್ಯ ಬರುತ್ತೆ ಅನ್ನೋ ಲೆಕ್ಕದಲ್ಲಿ ಬೇಡ. ನಮಗೆ ಮೊದಲು ಕಲಿಸಿದ್ದೇ ಬೀಳೋದು. ಅದಕ್ಕೆ ಉಕೆಮಿ ಅಂತಾರೆ. ಗದ್ದವನ್ನು ಎದೆಗೆ ಒತ್ತಿಕೊಂಡು, ಸೊಂಟದ ಬೆಲ್ಟಿನ ಗಂಟು ನೋಡುತ್ತಾ ಹಿಂದಕ್ಕೆ ಉರುಳಬೇಕು, ಬೆನ್ನು ಮ್ಯಾಟಿಗೆ ತಾಗುವ ಹೊತ್ತಿಗೆ ಎರಡೂ ಕೈ ಚಾಚಿ ಪಟಾರ್ ಅಂತ ಮ್ಯಾಟಿಗೆ ಬಡಿಯಬೇಕು, ತಲೆ ಮಾತ್ರ ತಾಗಬಾರದು. ಮೊದಲ ದಿನ ನಾನು ಬಡಿದದ್ದು ನನಗೇ ಕೇಳಿಸಲಿಲ್ಲ. ಮನೆಯಲ್ಲಿ ಹೆಣ್ಣುಮಕ್ಕಳು ನಡೆದರೆ ಸದ್ದಾಗಬಾರದು ಅಂತ ಕೇಳಿ ಬೆಳೆದವಳು, ಇಲ್ಲಿ ನೋಡಿದರೆ ಸರ್ "ಸದ್ದು ಬರ್ಲಿ, ಸದ್ದು ಬರ್ಲಿ" ಅಂತ ಕೂಗುತ್ತಿದ್ದರು. ಎರಡು ಮೂರು ವಾರ ಬರೀ ಇದೇ. ಅಲ್ಲಿ ಎಲ್ಲರೂ ನಿಮಿಷಕ್ಕೊಂದು ಸಲ ಬೀಳುತ್ತಾರೆ, ಯಾರು ಯಾರನ್ನ ನೋಡಿ ನಗೋದು? ಬಿದ್ದರೆ ಮರ್ಯಾದೆ ಹೋಗುತ್ತೆ ಅನ್ನೋ ಹೆದರಿಕೆ ಇತ್ತಲ್ಲ, ಅದು ಯಾವಾಗ ಹೋಯಿತೋ ನನಗೇ ಗೊತ್ತಾಗಲಿಲ್ಲ.

ಇನ್ನು ಗೆಳತಿಯರ ವಿಷಯ. ಜೂಡೋದಲ್ಲಿ ಜೋಡಿ ಇಲ್ಲದೆ ಜಾಸ್ತಿ ದೂರ ಹೋಗೋಕೆ ಆಗಲ್ಲ. ಎಸೆಯುವವಳು ತೋರಿ, ಬೀಳುವವಳು ಉಕೆ. ಎಸೆದ ಮೇಲೂ ಅವಳ ತೋಳಿನ ಬಟ್ಟೆ ಬಿಡಬಾರದು, ಕೊನೇ ಕ್ಷಣದಲ್ಲಿ ಸ್ವಲ್ಪ ಮೇಲಕ್ಕೆ ಎಳೆದು ಹಿಡಿಯಬೇಕು, ಆಗಲೇ ಅವಳು ಸರಿಯಾಗಿ ಬೀಳೋದು. ಒಂದು ಸಲ ಗೆದ್ದ ಖುಷಿಯಲ್ಲಿ ನಾನು ತೋಳು ಬಿಟ್ಟೆ. ನನ್ನ ಜೋಡಿ, ಗೋಕಾಕ ಕಡೆಯ ಹುಡುಗಿ, ಮೊಣಕೈ ಊರಿ ಬಿದ್ದಳು. ಹತ್ತು ದಿನ ಕೈ ಎತ್ತೋಕೆ ಆಗಲಿಲ್ಲ ಅವಳಿಗೆ. ಅವಳಿಗಿಂತ ನಾನೇ ಜಾಸ್ತಿ ಅತ್ತಿದ್ದೆ. ಹನ್ನೊಂದನೇ ದಿನ ಬಂದವಳೇ ನನ್ನ ಮುಂದೆ ನಿಂತು "ಈ ಸಲ ಹಿಡ್ಕೋ ಮತ್ತ" ಅಂದಳು. ಅಷ್ಟೇ ಮಾತು. ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಮಾತು ಬರದ ಮಕ್ಕಳಿಗೆ ಇದು ಒಳ್ಳೇ ದಾರಿ ನೋಡಿ, ಏನು ಮಾತಾಡಲಿ ಅಂತ ಯೋಚಿಸುವಷ್ಟರಲ್ಲಿ ಇಬ್ಬರೂ ಹತ್ತು ಸಲ ಬಿದ್ದು ಎದ್ದಿರುತ್ತಾರೆ.

1882ರಲ್ಲಿ ಟೋಕಿಯೋದಲ್ಲಿ ಜೂಡೋ ಶುರು ಮಾಡಿದ ಜಿಗೊರೊ ಕಾನೋ ಹೇಳಿದ ಎರಡು ದೊಡ್ಡ ತತ್ವಗಳಲ್ಲಿ ಒಂದು ಇದೇ, ನೀನೂ ನಾನೂ ಕೂಡಿಯೇ ಏಳಿಗೆಯಾಗಬೇಕು ಅನ್ನೋದು. ಆದರೂ ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳ ಜೂಡೋಗೆ ಪದಕ ಕೊಡೋಕೆ ಶುರುವಾಗಿದ್ದು 1992ರ ಬಾರ್ಸಿಲೋನಾದಲ್ಲಿ, ಅದು ಬೇರೆ ಕಥೆ ಬಿಡಿ. ನಮ್ಮ ಕಡೆ ಹುಡುಗಿಯರಿಗೆ ಹುರುಪು ಬಂದಿದ್ದು 2018ರಲ್ಲಿ. ಬೆಳಗಾವಿ ಹತ್ತಿರದ ತುರಮುರಿಯ ಮಲಪ್ರಭಾ ಜಾಧವ್ ಏಷ್ಯನ್ ಗೇಮ್ಸ್‌ನಲ್ಲಿ 52 ಕೆಜಿ ಕುರಾಶ್‌ನಲ್ಲಿ ಕಂಚು ತಂದರು. ಕುರಾಶ್ ಜೂಡೋದಂತೆಯೇ ಎಸೆಯುವ ಆಟ, ಅವರೂ ಜೂಡೋ ಆಡಿ ಬೆಳೆದವರು. ಪಕ್ಕದೂರಿನ ರೈತರ ಮನೆ ಹುಡುಗಿ ಅಂದ ಮೇಲೆ ನಮ್ಮ ಅವ್ವಂದಿರ ಬಾಯಿ ಬಂದ್!

ಇನ್ನೊಂದು ವಿಷಯ. ಕೆಳಗೆ ಅದುಮಿ ಹಿಡಿದಾಗ ಸಾಕು ಅನಿಸಿದರೆ ಎದುರಿನವಳ ಮೈಗೋ ಮ್ಯಾಟಿಗೋ ಎರಡು ಸಲ ತಟ್ಟಿದರೆ ಮುಗಿಯಿತು, ತಕ್ಷಣ ಬಿಡಲೇಬೇಕು. 'ಬೇಡ' ಅನ್ನೋಕೆ ಬಾಯಿ ಬರದ ನನಗೆ ಮೊದಲು ಕೈಯಲ್ಲಿ ಬಂತು. ಸರ್ ನಿಲ್ಲಿಸಿ ಅನ್ನೋಕೆ 'ಮತ್ತೆ' ಅಂತಾರೆ, ಅದು ಜಪಾನಿ ಪದ. ನಾವು ಕನ್ನಡದ ಮತ್ತೆ ಅಂದುಕೊಂಡು ಇನ್ನೊಂದು ಸಲ ಎಸೆದು ಬೈಸಿಕೊಂಡಿದ್ದೇವೆ.

ಕರಾಟೆ ಕೆಟ್ಟದ್ದೇನಲ್ಲ. ಆದರೆ ಅದರಲ್ಲಿ ಕಟಾ ಅಂತ ಇರುತ್ತೆ, ಹೊಡೆತ ತಡೆತಗಳನ್ನು ಗೊತ್ತಾದ ಕ್ರಮದಲ್ಲಿ ಗಾಳಿಯಲ್ಲೇ ಮಾಡೋ ಅಭ್ಯಾಸ, ಅದು ಒಬ್ಬೊಬ್ಬರೇ ಮಾಡೋದು, ನಾಚಿಕೆಯ ಮಗು ಹಿಂದಿನ ಸಾಲಿನಲ್ಲಿ ವರ್ಷಗಟ್ಟಲೆ ಅಡಗಿಕೊಂಡೇ ಇರಬಹುದು. ಕೆಲವು ಮಕ್ಕಳಿಗೆ ಮೊದಲು ಅದೇ ಬೇಕಾಗಿರುತ್ತೆ ಅನ್ನಿ. ಸರ್ಕಾರಿ ಶಾಲೆಗಳಲ್ಲಿ ಹುಡುಗಿಯರಿಗೆ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಇದೆ, ಒಳ್ಳೆಯದೇ, ಆದರೆ ಗೆಳೆತನ ಬೆಳೆಯೋಕೆ ಅಷ್ಟು ಸಾಲದು.

ಸೇರಿಸುವ ಮೊದಲು ಒಂದು ಕ್ಲಾಸು ಪೂರ್ತಿ ಕೂತು ನೋಡಿ. ಕೂರೋಕೆ ಬಿಡಲ್ಲ ಅಂದರೆ ಸುಮ್ನೆ ವಾಪಸ್ ಬನ್ನಿ. ಬಿದ್ದ ಹುಡುಗಿಯನ್ನು ಎಸೆದವಳು ಕೈ ಕೊಟ್ಟು ಎಬ್ಬಿಸುತ್ತಾಳಾ, ದೊಡ್ಡ ಹುಡುಗಿಯರು ಇದ್ದಾರಾ, ಸರ್ ಹಿಡಿತ ತೋರಿಸುವಾಗ ಹೇಳಿ ಮುಟ್ಟುತ್ತಾರಾ ಅಂತ ಗಮನಿಸಿ. ನಾನು ನಡುವೆ ಹೋಗಿದ್ದ ಒಂದು ಕಡೆ ಬೆಲ್ಟ್ ಪರೀಕ್ಷೆಯ ಫೀಸೇ ಮುಖ್ಯ, ಯಾರೂ ಫೇಲ್ ಆಗುತ್ತಿರಲಿಲ್ಲ. ಎರಡು ಬಣ್ಣ ಬದಲಾದರೂ ಒಬ್ಬಳ ಹೆಸರೂ ನನಗೆ ಗೊತ್ತಿರಲಿಲ್ಲ.

ಒಂದೇ ತಿಂಗಳಿಗೆ ಪಟಪಟ ಮಾತಾಡುತ್ತಾಳೆ ಅಂತ ಕಾಯಬೇಡಿ. ನಾನು ಈಗಲೂ ಮಾತು ಕಮ್ಮಿಯೇ. ಆದರೆ ಬಸ್ಸಿನಲ್ಲಿ ಮೈಗೆ ತಾಗಿ ನಿಂತವನಿಗೆ "ಸರಿದು ನಿಲ್ರಿ" ಅನ್ನೋಕೆ ಬರುತ್ತೆ.

ಮೊದಲ ದಿನ ಉಗುರು ಕತ್ತರಿಸಿ ಕಳಿಸಿ. ಓಲೆ, ಬಳೆ, ಗೆಜ್ಜೆ ತೆಗೆಸಿಬಿಡಿ. ಕೂದಲಿಗೆ ಕ್ಲಿಪ್ ಬೇಡ, ರಬ್ಬರ್ ಬ್ಯಾಂಡ್ ಹಾಕಿ. ಒಂದು ಎಕ್ಸ್‌ಟ್ರಾ ಕೊಟ್ಟಿರಿ, ಯಾರಾದರೂ ಒಬ್ಬಳು ಕೇಳೇ ಕೇಳುತ್ತಾಳೆ.