ವಕೀಲರು ತೋಟದಲ್ಲಿ ಪಾಲು ಕೇಳಿದರೆ ಅದು ‘ವೃತ್ತಿ ದುರ್ನಡತೆ’ಯಾ?

ಹೌದು, ಆಗುತ್ತದೆ. ವಿರಾಜಪೇಟೆ ಕೋರ್ಟಿನಲ್ಲಿರುವ ತೋಟದ ಪಾಲಿನ ಕೇಸ್ ಗೆದ್ದರೆ ಫೀಸಿನ ಬದಲು ಒಂದೆಕರೆ ಕಾಫಿ ಬರೆದುಕೊಡಿ ಅಂತ ವಕೀಲರು ಕೇಳಿದ್ದಾರೆ ಅಂದಿರಲ್ಲ, ಭಾರತೀಯ ವಕೀಲರ ಪರಿಷತ್ತಿನ ನಿಯಮದಲ್ಲಿ ಅದಕ್ಕೆ ನೇರವಾಗಿ ತಡೆ ಇದೆ.

ದುರ್ನಡತೆ ಅಂದ ತಕ್ಷಣ ಕುಡಿದು ಗಲಾಟೆ ಮಾಡೋದು ಅಂದುಕೊಳ್ಳುತ್ತಾರೆ. ಮುಂದೆ ‘ವೃತ್ತಿ’ ಸೇರಿದರೆ ಆ ಕೆಲಸದ ನಿಯಮ ಮುರಿಯುವುದು ಅಂತ ಅರ್ಥ: ಕಕ್ಷಿದಾರರ ದುಡ್ಡು ಇಟ್ಟುಕೊಳ್ಳುವುದು, ಎದುರು ಪಾರ್ಟಿ ಜೊತೆ ಒಳಗೊಳಗೇ ಸೇರಿಕೊಳ್ಳುವುದು, ಹೀಗೆ. ಸುಮ್ನೆ ಕೇಸ್ ಸೋತರೆ ಅದು ದುರ್ನಡತೆ ಅಲ್ಲ (ಇದನ್ನೇ ಜಾಸ್ತಿ ಜನ ಗೊಂದಲ ಮಾಡಿಕೊಳ್ಳೋದು).

ದೂರು ಕೊಡಬೇಕಾದ್ದು ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿಗೆ, ಪೊಲೀಸ್ ಠಾಣೆಗಲ್ಲ. 1961ರ ವಕೀಲರ ಕಾಯ್ದೆಯ 35ನೇ ಕಲಂ ನೋಡಿ. ಛೀಮಾರಿಯಿಂದ ಹಿಡಿದು ವಕೀಲರ ಪಟ್ಟಿಯಿಂದ ಹೆಸರು ತೆಗೆಯುವವರೆಗೂ ಶಿಕ್ಷೆ ಇದೆ.